ಒಂದು ನಂಬರ್ ದೊಡ್ಡದು ಕೊಡ್ರಿ

ಮೇ ತಿಂಗಳ ಕೊನೆಯ ವಾರ ಬಂತು ಅಂದರೆ ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ನೋಟ್‌ಬುಕ್ಕು, ಯೂನಿಫಾರಂ, ಕೊಡೆ, ಬೂಟು. ವರ್ಷಕ್ಕೆ ನಾನು ಮಾರುವ ಮಕ್ಕಳ ಬೂಟಿನಲ್ಲಿ ಹೆಚ್ಚುಕಡಿಮೆ ಅರ್ಧ ಆ ಹದಿನೈದು ದಿನದಲ್ಲೇ ಹೋಗುತ್ತವೆ. ಆ ಹದಿನೈದು ದಿನವೂ ಬೆಳಗಿನಿಂದ ರಾತ್ರಿವರೆಗೆ ಒಂದೇ ಮಾತು ಕಿವಿಗೆ ಬೀಳುತ್ತಿರುತ್ತದೆ. "ಅಣ್ಣಾರ, ಒಂದು ನಂಬರ್ ದೊಡ್ಡದು ಕೊಡ್ರಿ. ಎರಡು ವರ್ಷ ಬರಬೇಕು."

ನಕ್ಕಿರಿ ನೀವು. ಅಂದರೆ ನಿಮ್ಮಲ್ಲಿ ಹಲವರು ಈ ಮಾತು ಹೇಳಿದವರೇ. ನಾಚಿಕೆ ಬೇಡ. ನನ್ನ ಅವ್ವ ನನಗೆ ಬೂಟು ಕೊಡಿಸುವಾಗಲೂ ಇದನ್ನೇ ಹೇಳಿದ್ದು. ಮೊದಲ ಆರು ತಿಂಗಳು ಬೂಟಿನ ಮೂತಿಗೆ ಬಟ್ಟೆ ತುರುಕಿಕೊಂಡು ಶಾಲೆಗೆ ಹೋಗಿದ್ದೇನೆ.

ಅಂಗಡಿಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ಕೇಳಿ. ತಾಯಿ ಬರುತ್ತಾರೆ. ಹುಡುಗ ಫ್ಯಾನಿನ ಕೆಳಗೆ ಕೂರುತ್ತಾನೆ. ನಾನು ಬೂಟು ತೊಡಿಸುತ್ತೇನೆ. ತಾಯಿ ಬಗ್ಗಿ ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. "ಬೆರಳು ಎಲ್ಲೈತೋ?" ಅಂತ ಕೇಳುತ್ತಾರೆ. ಹುಡುಗ "ಇಲ್ಲೈತಿ" ಅನ್ನುತ್ತಾನೆ. ಅವನ ಕಣ್ಣು ಮಾತ್ರ ಗೋಡೆಯ ಮೇಲಿನ ದೀಪ ಮಿನುಗುವ ಬೂಟಿನ ಮೇಲಿರುತ್ತದೆ. ಅಲ್ಲಿಗೆ ವ್ಯಾಪಾರ ಮುಗಿಯಿತು. ಕಾಲನ್ನು ಯಾರೂ ಅಳೆಯಲಿಲ್ಲ, ನೋಡಿ.

ಆ ಹೆಬ್ಬೆರಳು ಒತ್ತುವುದಿದೆಯಲ್ಲ, ಅದು ಮೋಸ. ಮೇಲಿನಿಂದ ಯಾರಾದರೂ ಒತ್ತಿದರೆ ಮಗು ತನಗೆ ಗೊತ್ತಿಲ್ಲದೆಯೇ ಬೆರಳು ಮಡಚಿಕೊಳ್ಳುತ್ತದೆ. ಬಸವನಹುಳು ಮುಟ್ಟಿದರೆ ಒಳಗೆ ಎಳೆದುಕೊಳ್ಳುತ್ತದಲ್ಲ, ಹಾಗೆ. ನಿಮಗೆ ಜಾಗ ಸಿಕ್ಕಂತೆ ಕಾಣುತ್ತದೆ. ಅದೂ ಅಲ್ಲದೆ ಶಾಲೆಯ ಕರಿ ಬೂಟಿನ ಮೂತಿಯೊಳಗೆ ಗಟ್ಟಿ ಪಟ್ಟಿ ಇರುತ್ತದೆ. ಅದರ ಮೇಲೆ ಒತ್ತಿದರೆ ಒಳಗೆ ಬೆರಳಿದೆಯೋ ಇಲ್ಲವೋ ಅಂತ ನನಗೇ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ, ಆದರೂ.

ಇನ್ನು 'ನಂಬರ್' ಅಂದರೆ ಎಷ್ಟು? ಒಂದು ನಂಬರ್ ದೊಡ್ಡದು ಅಂದರೆ ಎಷ್ಟು ದೊಡ್ಡದು? ಯಾರಾದರೂ ಹೇಳ್ತೀರಾ?

ನಮ್ಮಲ್ಲಿ ಬೂಟಿನ ಮೇಲೆ ಇರುವ ನಂಬರು ಬಹುಮಟ್ಟಿಗೆ ಇಂಗ್ಲೆಂಡಿನ ಲೆಕ್ಕದ್ದು. ಅದರ ಮೂಲ ಜವೆಗೋಧಿ ಕಾಳು. ಮೂರು ಕಾಳನ್ನು ಉದ್ದಕ್ಕೆ ಒಂದರ ಹಿಂದೆ ಒಂದು ಇಟ್ಟರೆ ಒಂದು ಇಂಚು. ಒಂದು ಕಾಳು, ಒಂದು ನಂಬರು. ಅಂದರೆ ಸುಮಾರು 8.5 ಮಿಲಿಮೀಟರ್. ನಗಬೇಡಿ, ನಮ್ಮ ಹಳೆಯ ಲೆಕ್ಕದಲ್ಲೂ 8 ಯವ ಸೇರಿದರೆ ಒಂದು ಅಂಗುಲ ಅಂತ ಇತ್ತು. ಅದೂ ಇದೇ ಕಾಳು. ಅವರು ಉದ್ದಕ್ಕೆ ಇಟ್ಟರು, ನಮ್ಮವರು ಅಗಲಕ್ಕೆ ಇಟ್ಟರು, ಅಷ್ಟೇ ವ್ಯತ್ಯಾಸ.

ಮಕ್ಕಳ ನಂಬರು 4 ಇಂಚಿನಿಂದ ಶುರುವಾಗುತ್ತದೆ. ಅದು ಸೊನ್ನೆ. ಅಲ್ಲಿಂದ ಕಾಳು ಕಾಳಾಗಿ 13ರ ತನಕ ಹೋಗಿ, ಆಮೇಲೆ ಮತ್ತೆ 1ರಿಂದ ಎಣಿಕೆ. ಹೋದ ವರ್ಷ ಒಬ್ಬ ಅಜ್ಜ ನನ್ನ ಜೊತೆ ಜಗಳಕ್ಕೇ ನಿಂತಿದ್ದರು. "ಹ್ವಾದ ವರ್ಷ ಹದಿಮೂರು ಕೊಟ್ಟಿದ್ದಿ, ಈ ವರ್ಷ ಒಂದು ಅಂತೀಯಲ್ಲ, ಹುಡುಗನ ಕಾಲು ಸಣ್ಣದಾತೇನು?" ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಲೆಕೆಟ್ಟ ಲೆಕ್ಕ ಅದು. ಯುರೋಪಿನವರದು ಇನ್ನೊಂದು. ಅಲ್ಲಿ ಒಂದು ನಂಬರಿಗೆ 6.67 ಮಿಲಿಮೀಟರ್. ಅದಕ್ಕೇ ಒಂದೇ ಬೂಟಿನ ಒಳಗೆ 11 ಅಂತಲೂ ಇರುತ್ತದೆ, 29 ಅಂತಲೂ ಇರುತ್ತದೆ. ಇನ್ನೂ ಒಂದು ವಿಷಯ ಇದೆ. ಈ ನಂಬರು ಕಾಲಿನ ಅಳತೆ ಅಲ್ಲ. ಬೂಟನ್ನು ಯಾವ ಅಚ್ಚಿನ ಮೇಲೆ ಕೂರಿಸಿ ಮಾಡುತ್ತಾರೋ ಆ ಅಚ್ಚಿನ ಅಳತೆ. ಅಚ್ಚು ಕಂಪನಿಯಿಂದ ಕಂಪನಿಗೆ ಬೇರೆ. ಒಂದು ಕಂಪನಿಯ 11 ಸರಿಹೋದ ಕಾಲಿಗೆ ಇನ್ನೊಂದು ಕಂಪನಿಯ 11 ಬಿಗಿಯಾಗಬಹುದು. ಹಾಗಾಗಿ "ನಮ್ಮ ಹುಡುಗಂದು ಹನ್ನೊಂದು ನಂಬರ್ರಿ" ಅಂತ ಫೋನಿನಲ್ಲಿ ಹೇಳಿ ಬೂಟು ತರಿಸಿಕೊಳ್ಳುವವರಿಗೆ ನಾನು ಕೊಡುವುದಿಲ್ಲ. ಗಿರಾಕಿ ಹೋದರೂ ಹೋಗಲಿ.

ಈಗ ಲೆಕ್ಕ ಹಾಕೋಣ. ಮೂರು ವರ್ಷ ದಾಟಿದ ಮಗುವಿನ ಪಾದ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕಿಂತ ಚಿಕ್ಕವರದು ಇನ್ನೂ ಬೇಗ. ಹೊಸ ಬೂಟು ತರುವಾಗ ಉದ್ದದ ಬೆರಳಿನ ಮುಂದೆ 12 ಮಿಲಿಮೀಟರ್ ಜಾಗ ಇರಬೇಕು. ಹೆಚ್ಚುಕಡಿಮೆ ದೊಡ್ಡವರ ಕಿರುಬೆರಳಿನ ಅಗಲ. ಇದು ಸುಮ್ನೆ ಬಿಟ್ಟ ಜಾಗ ಅಲ್ಲ. ನಡೆಯುವಾಗ ಪಾದ ಹಿಗ್ಗುತ್ತದೆ, ಮುಂದಕ್ಕೆ ಸರಿಯುತ್ತದೆ, ಅದಕ್ಕೆ ಅರ್ಧ ಬೇಕು. ಉಳಿದರ್ಧ ಬೆಳೆಯೋದಕ್ಕೆ. 12ರಲ್ಲಿ 6 ಬೆಳೆದರೆ ಆರೇಳು ತಿಂಗಳು ಆಯಿತು. ಅಲ್ಲಿಗೆ ಆ ಬೂಟಿನ ಕೆಲಸ ಮುಗಿಯಿತು.

ಎರಡು ವರ್ಷ ಬರಲಿ ಅಂತ ಎರಡು ನಂಬರ್ ಜಾಸ್ತಿ ತಗೊಂಡಿರಿ ಅಂತಿಟ್ಟುಕೊಳ್ಳಿ. 12ಕ್ಕೆ 17 ಸೇರಿಸಿ. ಮುಂದೆ 29 ಮಿಲಿಮೀಟರ್ ಖಾಲಿ. ಮೂರು ಸೆಂಟಿಮೀಟರ್‌ಗೆ ಒಂದೇ ಒಂದು ಮಿಲಿಮೀಟರ್ ಕಡಿಮೆ! ಪಾದ ಒಳಗೆ ದೋಣಿಯ ಹಾಗೆ ಓಲಾಡುತ್ತದೆ. ಬೂಟು ಜಾರಬಾರದು ಅಂತ ಮಗು ಬೆರಳಿನಿಂದ ಅಟ್ಟೆಯನ್ನು ಕಚ್ಚಿ ಹಿಡಿಯುತ್ತದೆ, ಬೆಳಗ್ಗೆಯಿಂದ ಸಂಜೆವರೆಗೆ. ಹಿಮ್ಮಡಿ ಉಜ್ಜಿ ಗುಳ್ಳೆ ಏಳುತ್ತದೆ. ಓಡುವಾಗ ಮೂತಿ ನೆಲಕ್ಕೆ ತಾಗಿ ಮುಗ್ಗರಿಸುತ್ತದೆ. ಬೂಟು ಕಾಲಿಗೆ ಸರಿಯಾಗುವ ಹೊತ್ತಿಗೆ ಅಟ್ಟೆ ಸವೆದು ಬೂಟೇ ಮುಗಿದಿರುತ್ತದೆ. ಉಳಿತಾಯ ಎಲ್ಲಾಯಿತು?

ಆದರೂ ಒಂದು ಮಾತು ಹೇಳಬೇಕು. ದೊಡ್ಡ ಬೂಟು ಕಣ್ಣಿಗೆ ಕಾಣುತ್ತದೆ. ಟಪಟಪ ಸದ್ದು ಮಾಡುತ್ತದೆ, ಮಗು ಬೀಳುತ್ತದೆ, ನಿಮಗೆ ಗೊತ್ತಾಗುತ್ತದೆ. ಸಣ್ಣ ಬೂಟು ಕಾಣುವುದೇ ಇಲ್ಲ. ನನಗೆ ಭಯ ಅದರದ್ದೇ.

ನನ್ನ ಮನೆಯದೇ ಕಥೆ ಹೇಳುತ್ತೇನೆ. ಬೇರೆಯವರ ಮಕ್ಕಳಿಗೆ ಬೂಟು ಹಾಕುತ್ತಾ ನನ್ನ ಮಗನ ಕಾಲು ನೋಡಿರಲಿಲ್ಲ. ಅವನು ಆಗ ಮೂರನೇ ಇಯತ್ತೆ. ಶಾಲೆಯ ಆಟೋಟದ ದಿನ ಓಡಿ ಬಂದವನು ಕುಂಟುತ್ತಿದ್ದ. ಬೂಟು ಬಿಚ್ಚಿಸಿದೆ. ಎರಡೂ ಹೆಬ್ಬೆರಳಿನ ಉಗುರು ಕಪ್ಪು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ನುಸುಳಿ ಮಲಗಿತ್ತು. ರಾತ್ರಿ ಅಂಗಡಿಗೆ ಕರೆದುಕೊಂಡು ಹೋಗಿ ಅಳೆದೆ. ಪಾದ 20.1 ಸೆಂಟಿಮೀಟರ್. ಬೂಟಿನ ಒಳಗಿನ ಉದ್ದ 19.6. ಕಾಲಿಗಿಂತ ಬೂಟು ಅರ್ಧ ಸೆಂಟಿಮೀಟರ್ ಚಿಕ್ಕದು! ಸಿಟ್ಟು ಬಂತು. ಯಾಕೆ ಹೇಳಲಿಲ್ಲ ಅಂತ ಬೈದೆ. ಅವನು ಹೇಳಿದ, "ನೋವು ಇರಲಿಲ್ಲಪ್ಪಾ, ಬಿಗಿ ಇತ್ತು. ಬೂಟು ಅಂದ್ರ ಹಂಗ ಇರ್ತಾವ ಅಂತ ತಿಳ್ಕೊಂಡಿದ್ದೆ."

ಅವನು ಸುಳ್ಳು ಹೇಳಲಿಲ್ಲ. ಯಾಕೆ ನೋವಾಗುವುದಿಲ್ಲ ಅಂತ ಆಮೇಲೆ ಒಬ್ಬ ಎಲುಬಿನ ಡಾಕ್ಟರ ಹತ್ತಿರ ಕೂತು ತಿಳಿದುಕೊಂಡೆ. ದೊಡ್ಡವರ ಒಂದು ಪಾದದಲ್ಲಿ 26 ಎಲುಬು. ಹುಟ್ಟಿದ ಮಗುವಿನಲ್ಲಿ ಅವುಗಳ ಪೈಕಿ ಹಲವು ಇನ್ನೂ ಎಲುಬೇ ಆಗಿರುವುದಿಲ್ಲ. ನಿಮ್ಮ ಕಿವಿಯ ಮೇಲ್ಭಾಗ ಹಿಡಿದು ಮಡಚಿ ನೋಡಿ. ಮಡಚಿ, ಪರವಾಗಿಲ್ಲ, ಯಾರೂ ನೋಡುವುದಿಲ್ಲ. ಆ ಮೆತ್ತನೆಯ ವಸ್ತು ಇದೆಯಲ್ಲ, ಹಾಗಿರುತ್ತದೆ. ಪಾದದ ಒಳಬದಿಯಲ್ಲಿ, ಕಮಾನಿನ ನೆತ್ತಿಯಲ್ಲಿ ನಾವಿಕ್ಯುಲರ್ ಅಂತ ಒಂದು ಎಲುಬಿದೆ. ಅದು ಗಟ್ಟಿಯಾಗಲು ಶುರುವಾಗುವುದೇ ಸುಮಾರು ಮೂರನೇ ವರ್ಷಕ್ಕೆ. ಎಲ್ಲ ಎಲುಬೂ ಪೂರ್ತಿ ಗಟ್ಟಿಯಾಗಿ ಬೆಳವಣಿಗೆ ನಿಲ್ಲಲು ಹದಿಹರೆಯ ಕಳೆಯಬೇಕು. ಮೆತ್ತಗಿರುವ ಪಾದ ಒತ್ತಿದಂತೆ ಒತ್ತಿಕೊಳ್ಳುತ್ತದೆ. ಬೂಟು ಸಣ್ಣದಿದ್ದರೆ ಬೂಟಿನ ಆಕಾರಕ್ಕೆ ಹೊಂದಿಕೊಂಡು ಬಿಡುತ್ತದೆ. ಆಗ ಸುಮ್ಮನಿದ್ದ ಕಾಲು ಆಮೇಲೆ ಮಾತಾಡುತ್ತದೆ. ಒಳಗೆ ಬೆಳೆಯುವ ಉಗುರು, ಮಡಚಿದ ಬೆರಳು, ಆಣಿ.

ಎಲುಬಿನ ಮಾತು ಬಂತು ಅಂತ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. 1920ರ ದಶಕದಿಂದ 1950ರ ದಶಕದವರೆಗೆ ಅಮೆರಿಕ, ಇಂಗ್ಲೆಂಡಿನ ಬೂಟಿನ ಅಂಗಡಿಗಳಲ್ಲಿ ಎಕ್ಸ್‌ರೇ ಪೆಟ್ಟಿಗೆಯನ್ನೇ ಇಟ್ಟಿದ್ದರು. ಹೊಸ ಬೂಟು ಹಾಕಿಕೊಂಡು ಮಗು ಅದರೊಳಗೆ ಕಾಲಿಡುತ್ತಿತ್ತು. ಮೇಲಿನ ಕಿಂಡಿಯಲ್ಲಿ ಬಗ್ಗಿ ನೋಡಿದರೆ ಬೂಟಿನೊಳಗೆ ಎಲುಬು ಹಸಿರಾಗಿ ಹೊಳೆಯುತ್ತಿತ್ತು. ಮಕ್ಕಳಿಗೆ ಜಾತ್ರೆ. ಅಂಗಡಿಯವನಿಗೆ ವ್ಯಾಪಾರ. ವಿಕಿರಣದ ಅಪಾಯ ತಿಳಿದ ಮೇಲೆ ಒಂದೊಂದಾಗಿ ನಿಂತವು. ಪೆನ್ಸಿಲ್ವೇನಿಯ ರಾಜ್ಯ 1957ರಲ್ಲಿ ನಿಷೇಧಿಸಿತು. ಮಜಾ ಏನು ಗೊತ್ತಾ? ನಾನೀಗ ಹೇಳಿದ ಮೆತ್ತನೆಯ ಭಾಗ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಅಷ್ಟು ದೊಡ್ಡ ಮಶೀನು ಮಾಡದ ಕೆಲಸವನ್ನು ಒಂದು ರಟ್ಟಿನ ಚೂರು ಮಾಡುತ್ತದೆ. ಈಗ ಮಾಡಿ ತೋರಿಸುತ್ತೇನೆ.

ಮುಂದಿನ ಸಾಲಿನಲ್ಲಿ ಒಬ್ಬಳು ಕೂತಿದ್ದಾಳೆ, ಎರಡನೇ ಇಯತ್ತೆಯಂತೆ. ಬಾ ತಂಗಿ. ಬೂಟು ಬಿಚ್ಚು. ಕಾಲುಚೀಲ ಇರಲಿ, ದಿನಾ ಹಾಕುವುದೇ ತಾನೆ, ಅದರ ಸಮೇತ ಅಳೆಯೋಣ. ಗೋಡೆಗೆ ಹಿಮ್ಮಡಿ ತಾಗಿಸಿ ನಿಂತುಕೋ. ಎರಡೂ ಕಾಲಿನ ಮೇಲೆ ಸಮ ಭಾರ ಹಾಕು.

ನೋಡಿ, ಕೂತು ಅಳೆಯಬಾರದು. ನಿಂತಾಗ ಪಾದ ಹರಡುತ್ತದೆ, ಉದ್ದವೂ ಆಗುತ್ತದೆ. ನಮ್ಮ ಅಜ್ಜ ಹಾವೇರಿ ಕಡೆಯ ಹಳ್ಳಿಯಲ್ಲಿ ರೈತರಿಗೆ ಕಾಲ್ಮರಿ ಹೊಲಿದು ಕೊಡುತ್ತಿದ್ದರು. ತೊಗಲು ಕೊಯ್ಯುವ ರಂಪಿಗೆ ಹಿಡಿಯುವ ಮುಂಚೆ ಅಳತೆಗೆ ಬಂದವನನ್ನು ತೊಗಲಿನ ಮೇಲೆ ನಿಲ್ಲಿಸಿ, "ಹೊರಿ ಹೊತ್ತಾಗ ಹೆಂಗ ನಿಲ್ತಿ ಹಂಗ ನಿಲ್ಲು" ಅನ್ನುತ್ತಿದ್ದರು. ಆಮೇಲೆ ಇದ್ದಿಲಿನಿಂದ ಸುತ್ತ ಗೆರೆ. ಅವರು ಯಾವ ಪುಸ್ತಕ ಓದಿದ್ದರೋ ನನಗೆ ಗೊತ್ತಿಲ್ಲ.

ಅಜ್ಜನ ಇನ್ನೊಂದು ಮಾತು ನೆನಪಾಯಿತು. ಸಮಗಾರ ಹರಳಯ್ಯನ ಕಥೆ ನಿಮಗೆಲ್ಲ ಗೊತ್ತು. ಹರಳಯ್ಯ "ಶರಣು" ಅಂದ, ಬಸವಣ್ಣ "ಶರಣು ಶರಣಾರ್ಥಿ" ಅಂದ. ಒಂದಕ್ಕೆ ಎರಡು ಬಂದ ಆ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರು. ಸಣ್ಣವನಿದ್ದಾಗ ನಾನು ಅಜ್ಜನನ್ನು ಕೇಳಿದ್ದೆ, "ಬಸವಣ್ಣನ ಕಾಲಿನ ಅಳತಿ ಹರಳಯ್ಯಗ ಹೆಂಗ ಗೊತ್ತಾತು?" ಅಜ್ಜ ಕೆಲಸ ನಿಲ್ಲಿಸಲೇ ಇಲ್ಲ. "ಶರಣು ಅಂತ ಬಗ್ಗಿದ್ನಲ್ಲೋ, ಆಗ ಕಣ್ಣು ಎಲ್ಲಿತ್ತು?" ಅಂದರು. ಅಂಗಡಿಯಲ್ಲಿ ಮಗುವಿನ ಕಾಲಿಗೆ ಬಗ್ಗಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಇರಲಿ. ತಂಗಿ ನಿಂತಿದ್ದಾಳೆ. ಕಾಲಿನ ಕೆಳಗೆ ಕಾಗದ. ಉದ್ದದ ಬೆರಳು ಯಾವುದು ನೋಡಿ. ಎಲ್ಲರಿಗೂ ಹೆಬ್ಬೆರಳೇ ಉದ್ದ ಅಲ್ಲ. ಇವಳಿಗೆ ಪಕ್ಕದ ಬೆರಳು ಉದ್ದ. ಅದರ ತುದಿಗೆ ಗುರುತು. ಪೆನ್ಸಿಲ್ ನೆಟ್ಟಗೆ ಹಿಡಿಯಬೇಕು, ಓರೆ ಹಿಡಿದರೆ ಅರ್ಧ ಸೆಂಟಿಮೀಟರ್ ಅಲ್ಲೇ ಹೋಯಿತು. ಬಲಗಾಲು 18.7. ಈಗ ಎಡಗಾಲು. 19.1. ಗಾಬರಿಯಾಗಬೇಡಿ ಅಕ್ಕಾರ, ಎರಡು ಕಾಲಿಗೆ ಇಷ್ಟು ವ್ಯತ್ಯಾಸ ಬಹಳ ಜನರಲ್ಲಿ ಇರುತ್ತದೆ. ಬೂಟು ಯಾವಾಗಲೂ ದೊಡ್ಡ ಕಾಲಿಗೆ ತರಬೇಕು. ಈಗ ಸಂಜೆ, ಒಳ್ಳೆಯದೇ ಆಯಿತು. ದಿನವಿಡೀ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ. ಬೆಳಗ್ಗೆ ಎದ್ದ ತಕ್ಷಣ ಅಳೆದು ತಂದ ಬೂಟು ಸಂಜೆಗೆ ಕಚ್ಚುತ್ತದೆ.

19.1ಕ್ಕೆ 1.2 ಸೇರಿಸಿದರೆ 20.3. ಈ ಮದುವೆ ಕಾರ್ಡಿನ ರಟ್ಟಿನಲ್ಲಿ ಎರಡು ಬೆರಳು ಅಗಲ, 20.3 ಸೆಂಟಿಮೀಟರ್ ಉದ್ದದ ಒಂದು ಪಟ್ಟಿ ಕತ್ತರಿಸಿದೆ. ಮುಂದಿನ ತುದಿ ಸ್ವಲ್ಪ ಗುಂಡಗೆ. ಇದನ್ನು ಇವಳ ಬೂಟಿನೊಳಗೆ ಹಿಮ್ಮಡಿಯಿಂದ ಇಡುತ್ತೇನೆ. ನೋಡಿ, ಪಟ್ಟಿ ಮಲಗುತ್ತಿಲ್ಲ. ನಡುವೆ ಕಮಾನಿನ ಹಾಗೆ ಎದ್ದು ನಿಂತಿದೆ. ಒಳಗಿನ ಉದ್ದ 19.5 ಇದೆ. ನಂಬರ್ 11. ಅಕ್ಕಾರ, ಯಾವಾಗ ತಂದದ್ದು? ಹೋದ ದೀಪಾವಳಿಗೆ. ಸರಿ, ಆಗ ಇವಳ ಕಾಲು 18.5ರ ಆಸುಪಾಸು ಇದ್ದಿರಬೇಕು, ಆಗ ಬೂಟು ಸರಿಯಾಗೇ ಇತ್ತು. ನೀವು ತಪ್ಪು ಮಾಡಿಲ್ಲ. ಏಳು ತಿಂಗಳಲ್ಲಿ ಕಾಲು ಬೆಳೆದಿದೆ, ಅಷ್ಟೇ. ಈಗ ಮುಂದೆ ಉಳಿದಿರುವುದು 4 ಮಿಲಿಮೀಟರ್. 12ನೇ ನಂಬರಿಗೆ ಹೋಗಬೇಕು.

ಈ ಪಟ್ಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. ಅಂಗಡಿಗೆ ಹೋದಾಗ ನಂಬರ್ ಕೇಳಬೇಡಿ. ಬೂಟು ತೆಗೆದುಕೊಳ್ಳಿ, ಪಟ್ಟಿ ಒಳಗಿಡಿ. ಪೂರ್ತಿ ಮಲಗಿತೋ ಉದ್ದ ಸರಿ. ಒಳ ಹಾಸು ಹೊರಗೆ ಬರುವಂಥ ಬೂಟಾದರೆ ಇನ್ನೂ ಸುಲಭ. ಹಾಸು ತೆಗೆದು ನೆಲಕ್ಕಿಟ್ಟು ಮಗುವನ್ನು ಅದರ ಮೇಲೆ ನಿಲ್ಲಿಸಿ. ಮುಂದೆ ಎಷ್ಟು ಉಳಿಯಿತು, ಅಕ್ಕಪಕ್ಕ ಬೆರಳು ಹೊರಗೆ ಚೆಲ್ಲಿದೆಯಾ, ಎಲ್ಲ ಕಣ್ಣಿಗೇ ಕಾಣುತ್ತದೆ.

ಅಕ್ಕಪಕ್ಕ ಅಂದೆ. ಅಗಲದ ಮಾತನ್ನು ಯಾರೂ ಆಡುವುದಿಲ್ಲ. ನನ್ನ ಅಂಗಡಿಗೆ ಬರುವ ಹಳ್ಳಿ ಮಕ್ಕಳು, ಬರಿಗಾಲಲ್ಲಿ ಓಡಾಡಿದ ಮಕ್ಕಳು, ಅವರ ಪಾದ ಮುಂದೆ ಬೀಸಣಿಗೆ ಬಿಚ್ಚಿದ ಹಾಗೆ ಅಗಲ ಇರುತ್ತದೆ. ಬೂಟು ಮಾತ್ರ ಮೂತಿಯಲ್ಲಿ ಚೂಪು. ಉದ್ದ ಸರಿಯಿದ್ದರೂ ಅಗಲ ಸಾಲುವುದಿಲ್ಲ. ಆಗ ತಾಯಿ ಏನು ಮಾಡುತ್ತಾರೆ? ಅಗಲಕ್ಕೋಸ್ಕರ ಉದ್ದದ ಬೂಟು ತಗೊಳ್ಳುತ್ತಾರೆ. ನಾವೂ ಕೊಡುತ್ತೇವೆ, ಯಾಕಂದರೆ ಅಗಲದ್ದು ಬೇರೆ ಇರುವುದಿಲ್ಲ. ಇದು ನಮ್ಮ ವ್ಯಾಪಾರದ ತಪ್ಪು, ಒಪ್ಪಿಕೊಳ್ಳುತ್ತೇನೆ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಜಾಗಗಳಲ್ಲಿ 1,01,880 ಜನರ ಪಾದವನ್ನು ಸ್ಕ್ಯಾನ್ ಮಾಡಿದರು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಅಂತ ಗೊತ್ತಾಯಿತು. ನಮ್ಮ ಅಜ್ಜನನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದರು! ತಮಾಷೆ ಬಿಡಿ, ಅದು ಆಗಬೇಕಾದ ಕೆಲಸ. ಅವರು 'ಭಾ' ಅಂತ ಹೊಸ ಅಳತೆ ಪದ್ಧತಿಯನ್ನೇ ಸೂಚಿಸಿದ್ದಾರೆ. ಭಾರತದ ಭಾ. ಹಸುಗೂಸಿನಿಂದ ದೊಡ್ಡವರವರೆಗೆ ವಯಸ್ಸಿನ ಪ್ರಕಾರ 8 ಗುಂಪು. ಅಂಥ ಅಗಲದ ಬೂಟು ನನ್ನ ಕಪಾಟು ತುಂಬುವ ದಿನಕ್ಕೆ ಕಾಯುತ್ತಿದ್ದೇನೆ.

ಅಲ್ಲಿಯವರೆಗೆ ಏನು ಮಾಡೋಣ? ಮಗು ನಿಂತಾಗ ಬೂಟಿನ ಅತಿ ಅಗಲದ ಜಾಗದಲ್ಲಿ, ಅಂದರೆ ಹೆಬ್ಬೆರಳಿನ ಬುಡದ ಗಂಟಿನ ಹತ್ತಿರ, ಎರಡು ಬದಿಯಿಂದ ಚಿವುಟಿ ನೋಡಿ. ಮೇಲಿನ ಚರ್ಮ ಚೂರು ಕೈಗೆ ಸಿಗಬೇಕು. ಸಿಗದೆ ಬಿಗಿಯಾಗಿ ಎಳೆದುಕೊಂಡಿದ್ದರೆ, ಪಕ್ಕಕ್ಕೆ ಉಬ್ಬಿದ್ದರೆ ಬೇಡ. ಮುದ್ದೆಯಾಗಿ ಸಿಕ್ಕರೆ ಅಗಲ ಜಾಸ್ತಿ. ಮೂತಿ ಚೂಪಿರುವುದಕ್ಕಿಂತ ಗುಂಡಗಿರುವುದು ನೋಡಿ.

ಆಮೇಲೆ ಬೂಟನ್ನೇ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ. ಹಿಮ್ಮಡಿ ಕೂರುವ ಜಾಗ ಗಟ್ಟಿಯಿರಬೇಕು, ಒತ್ತಿದರೆ ಕುಸಿಯಬಾರದು. ಮುಂದಿನ ತುದಿ ಹಿಡಿದು ಮಡಚಿದರೆ ಬೆರಳು ಮಡಚುವ ಜಾಗದಲ್ಲೇ ಬೂಟು ಮಡಚಬೇಕು. ಎಷ್ಟೋ ಬೂಟು ನಟ್ಟನಡುವೆ ರೊಟ್ಟಿ ಮಡಚಿದಂತೆ ಮಡಚುತ್ತವೆ. ಪಾದ ಅಲ್ಲಿ ಮಡಚುವುದಿಲ್ಲ. ಕೆಲವು ಎಲ್ಲಿಯೂ ಮಡಚುವುದಿಲ್ಲ, ಕಟ್ಟಿಗೆ. ಎರಡೂ ಬೇಡ. ಹಗುರ ಇರಲಿ. ಹಿಮ್ಮಡಿ ಎತ್ತರ ಮಾಡಿದ್ದು ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಕಟ್ಟಲು ಏನಾದರೂ ಇರಬೇಕು. ಲೇಸು, ಬಕಲ್ಲು, ಇಲ್ಲವೇ ಚರ್ರ್ ಅಂತ ಎಳೆಯುವ ವೆಲ್ಕ್ರೋ ಪಟ್ಟಿ, ಯಾವುದಾದರೂ ಸರಿ. ಹುಡುಗಿಯರಿಗೆ ಬೆಲ್ಲಿ ಅಂತ ಬರುತ್ತದಲ್ಲ, ಪಟ್ಟಿಯೇ ಇಲ್ಲದ್ದು. ಅದು ಕಾಲಿನಲ್ಲಿ ನಿಲ್ಲಬೇಕಾದರೆ ಬಿಗಿಯಾಗಿರಲೇಬೇಕು. ಅಂದರೆ ಸಣ್ಣದಿದ್ದರೆ ಮಾತ್ರ ಅದು 'ಸರಿಯಾಗಿ' ಕೂರುವುದು. ಮದುವೆಗೆ ಒಂದು ದಿನ ಹಾಕಿಸಿ, ಬೇಡ ಅನ್ನುವುದಿಲ್ಲ. ಶಾಲೆಗೆ ದಿನಾ ಬೇಡ. ನಡೆದರೆ ಪೀಂಪೀಂ ಅನ್ನುವ ಬೂಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದನ್ನು ಕೊಡಿಸುವವರು ಯಾವಾಗಲೂ ಮಾವಂದಿರು.

ಆ ಕಡೆ ಕೂತವರು ಒಂದು ಚೀಟಿ ಕಳಿಸಿದ್ದಾರೆ. ಅಣ್ಣನ ಬೂಟು ತಮ್ಮನಿಗೆ ಹಾಕಬಹುದೇ ಅಂತ. ನನ್ನ ವ್ಯಾಪಾರಕ್ಕೆ ಒಳ್ಳೆಯ ಉತ್ತರ 'ಹಾಕಬಾರದು'. ಪ್ರಾಮಾಣಿಕ ಉತ್ತರ ಸ್ವಲ್ಪ ಬೇರೆ. ದಿನಾ ಹಾಕಿದ ಬೂಟು ಅಣ್ಣನ ಕಾಲಿನ ಆಕಾರ ತಗೊಂಡಿರುತ್ತದೆ. ಒಳ ಹಾಸಿನಲ್ಲಿ ಅವನ ಬೆರಳಿನ ಗುಳಿ ಬಿದ್ದಿರುತ್ತದೆ, ಅಟ್ಟೆ ಅವನು ಹೆಜ್ಜೆ ಊರುವ ಕಡೆ ಸವೆದಿರುತ್ತದೆ. ಅದನ್ನು ತಮ್ಮನಿಗೆ ಹಾಕಬೇಡಿ. ಆದರೆ ಹಬ್ಬಕ್ಕೆ ಅಂತ ತಂದು ಎರಡೇ ಸಲ ಹಾಕಿದ ಬೂಟು, ಅಟ್ಟೆ ಸಮ ಇದೆ, ಹಾಸು ಹೊಸದರ ಹಾಗಿದೆ, ಪಟ್ಟಿ ಇಟ್ಟರೆ ಅಳತೆ ಸರಿ ಬರುತ್ತದೆ ಅಂದರೆ ಧಾರಾಳ ಹಾಕಿ. ದುಡ್ಡು ಯಾರಿಗೂ ಪುಕ್ಕಟೆ ಬರುವುದಿಲ್ಲ.

ಇನ್ನು ಸಪಾಟ ಪಾದ. ವಾರಕ್ಕೆ ಒಬ್ಬರಾದರೂ ಬರುತ್ತಾರೆ. "ಮಗುವಿನ ಅಂಗಾಲು ಚಪ್ಪಟಿ ಐತ್ರಿ, ಅದಕ್ಕ ಬೇರೆ ಬೂಟು ಬರ್ತಾವಂತಲ್ಲ?" ಸ್ನಾನ ಮಾಡಿಸಿ ಕರೆತಂದ ಮಗು ಒದ್ದೆ ಕಾಲಲ್ಲಿ ಫರಸಿ ಕಲ್ಲಿನ ಮೇಲೆ ಹೆಜ್ಜೆ ಇಟ್ಟಿರುತ್ತದೆ, ಪಾದದ ಗುರುತು ಪೂರ್ತಿ ಮೂಡಿರುತ್ತದೆ, ತಾಯಿಗೆ ಗಾಬರಿ. ಚಿಕ್ಕ ಮಕ್ಕಳ ಪಾದ ಹಾಗೆಯೇ ಇರುತ್ತದೆ. ಕಮಾನು ಮೂಡುವುದಕ್ಕೆ ಆರೇಳು ವರ್ಷವಾದರೂ ಬೇಕು. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಳಬದಿಯಲ್ಲಿ ಕಮಾನು ಎದ್ದು ಬಂತು, ನೋವಿಲ್ಲ ಅಂದರೆ ಚಿಂತೆ ಬೇಡ. ತುದಿಗಾಲಲ್ಲೂ ಕಮಾನು ಬರದಿದ್ದರೆ, ನೋವಿದ್ದರೆ, ಒಂದೇ ಕಾಲು ಚಪ್ಪಟೆ ಇದ್ದರೆ, ಮಗು ಕುಂಟುತ್ತಿದ್ದರೆ ಎಲುಬಿನ ಡಾಕ್ಟರ ಹತ್ತಿರ ಹೋಗಿ. ನನ್ನ ಹತ್ತಿರ ಬರಬೇಡಿ. ಬೂಟಿನ ಅಂಗಡಿಯವನು ಕೊಡುವ ದಿಂಬನ್ನು ಒಳಗೆ ತುರುಕಬೇಡಿ.

ಇದರ ಬಗ್ಗೆ ನಮ್ಮ ರಾಜ್ಯದಲ್ಲೇ ಆದ ಒಂದು ಅಧ್ಯಯನ ಜಗತ್ತಿನಲ್ಲೆಲ್ಲ ಹೆಸರಾಗಿದೆ. ಕರಾವಳಿಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಇಬ್ಬರು ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತು ತೆಗೆದು ನೋಡಿದರು. 1992ರಲ್ಲಿ ಪ್ರಕಟವಾಯಿತು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಸಪಾಟ ಪಾದ ಇದ್ದವರು ನೂರಕ್ಕೆ 8.6. ಬರಿಗಾಲಲ್ಲಿ ಬೆಳೆದವರಲ್ಲಿ 2.8. ಅದರಲ್ಲೂ ಮೂತಿ ಮುಚ್ಚಿದ ಬೂಟು ಹಾಕುವವರಲ್ಲಿ ಜಾಸ್ತಿ, ಚಪ್ಪಲಿ, ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಬೂಟು ಮಾರುವವನು ಇದನ್ನು ಹೇಳಬಾರದು. ಆದರೆ ಹೇಳುತ್ತಿದ್ದೇನೆ. ಹೆಜ್ಜೆ ಕಲಿಯುವ ಮಗುವಿಗೆ ಮನೆಯೊಳಗೆ ಬೂಟೇ ಬೇಡ. ಬರಿಗಾಲಲ್ಲಿ ಬಿಡಿ, ಬೆರಳು ನೆಲ ಹಿಡಿಯುವುದನ್ನು ಕಲಿಯಲಿ. ಹೊರಗೆ ಮುಳ್ಳು, ಗಾಜು, ಗಲೀಜು ಇರುತ್ತದೆ, ಬರಿಗಾಲಿನ ಮೂಲಕವೇ ಒಳಗೆ ಹೋಗುವ ಕೊಕ್ಕೆಹುಳವೂ ಇದೆ. ಅಲ್ಲಿಗೆ ಏನಾದರೂ ಬೇಕೇ ಬೇಕು. ಶಾಲೆಯಿಂದ ಬಂದ ತಕ್ಷಣ ಬಿಚ್ಚಿಸಿ. ಟ್ಯೂಷನ್ನಿಗೂ ಅದೇ ಬೂಟು, ಆಟಕ್ಕೂ ಅದೇ ಬೂಟು, ಹಾಗೆ ಮಾಡಬೇಡಿ.

ಇಲ್ಲಿ ಶಿಕ್ಷಕರೂ ಇದ್ದೀರಿ ಅಂತ ಒಂದು ಮಾತು. ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಒಂದು ಊರಿನಿಂದ ನನಗೆ ಬಂದ ಪಟ್ಟಿ ಹೀಗಿತ್ತು: 'ಒಂದನೇ ತರಗತಿ, 22 ಜೊತೆ, ವಯಸ್ಸು 6.' ಆರು ವರ್ಷದ ಇಪ್ಪತ್ತೆರಡು ಮಕ್ಕಳ ಕಾಲು ಒಂದೇ ಅಳತೆ ಇರುತ್ತದೆಯೇ? ಹೆಡ್‌ಮಾಸ್ತರರಿಗೆ ಫೋನ್ ಮಾಡಿದೆ. ಒಂದು ಡ್ರಾಯಿಂಗ್ ಹಾಳೆಯನ್ನು ಗೋಡೆಗೆ ತಾಗಿಸಿ ನೆಲಕ್ಕೆ ಅಂಟಿಸಿ, ಸೆಂಟಿಮೀಟರ್ ಗೆರೆ ಹಾಕಿ, ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಂದೆ. ಅವರು ಒಳ್ಳೆಯವರು, ಮಾಡಿದರು. ಒಂದೇ ಪೀರಿಯಡ್ಡಿನಲ್ಲಿ ಮುಗಿಯಿತಂತೆ. 22 ಮಕ್ಕಳಿಗೆ ಐದು ಬೇರೆ ಬೇರೆ ನಂಬರ್ ಬೇಕಾಯಿತು. ನೀವೂ ಮಾಡಿ. ಅಳತೆ ತೆಗೆದ ಮೇಲೆ ಬೂಟು ಬರಲು ಮೂರು ತಿಂಗಳಾದರೆ ಮತ್ತೆ ಅಳೆಯಬೇಕು, ಅದನ್ನೂ ನೆನಪಿಡಿ.

ಮಳೆಗಾಲದ್ದು ಬೇಗ ಹೇಳಿ ಬಿಡುತ್ತೇನೆ. ಧಾರವಾಡದ ಜಿಟಿಜಿಟಿ ಮಳೆಗೆ ಬೂಟು ಎರಡು ದಿನ ಒಣಗುವುದಿಲ್ಲ. ಒಲೆಯ ಮುಂದೆ, ಸುಡು ಬಿಸಿಲಲ್ಲಿ ಇಟ್ಟರೆ ಚರ್ಮ ಸೆಟೆದು ಕುಗ್ಗುತ್ತದೆ. ಒಳಗೆ ಪೇಪರ್ ತುರುಕಿ ಗಾಳಿಗಿಡಿ, ಒದ್ದೆಯಾದ ಪೇಪರ್ ಬದಲಿಸಿ. ಮಳೆ ಜೋರಿದ್ದ ದಿನ ಶಾಲೆಯವರು ಸ್ಯಾಂಡಲ್ಲಿಗೆ ಬಿಡಲಿ. ಎರೆ ಮಣ್ಣಿನ ಊರಿನವರಿಗೆ ಹೇಳುವುದೇ ಬೇಡ, ಮಗು ಬರುತ್ತದೆ, ಬೂಟು ಹೊಲದಲ್ಲೇ ಉಳಿಯುತ್ತದೆ. ಕಾಲುಚೀಲವೂ ಸಣ್ಣದಾಗುತ್ತದೆ ಅನ್ನುವುದು ಮರೆಯಬೇಡಿ. ಬೂಟು ಹೊಸದು ತಂದು, ಬೆರಳು ಎಳೆದು ಹಿಡಿಯುವ ಹಳೆ ಕಾಲುಚೀಲ ಹಾಕಿದರೆ ಪ್ರಯೋಜನ ಇಲ್ಲ. ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆಯಲ್ಲಿ ಕೊರೆಯಬೇಡಿ.

ಎಷ್ಟು ದಿನಕ್ಕೊಮ್ಮೆ ಅಳೆಯಬೇಕು ಅಂದರೆ, ಮೂರು ವರ್ಷದೊಳಗಿನವರಿಗೆ ಎರಡು ಮೂರು ತಿಂಗಳಿಗೊಮ್ಮೆ. ಆರರವರೆಗೆ ನಾಲ್ಕು ತಿಂಗಳಿಗೊಮ್ಮೆ. ಆಮೇಲೆ ಆರು ತಿಂಗಳಿಗೊಮ್ಮೆ ಸಾಕು. ನಮ್ಮ ಮನೆಯಲ್ಲಿ ಯುಗಾದಿ, ದಸರಾ ಎರಡು ಹಬ್ಬಕ್ಕೆ ಗಂಟು ಹಾಕಿದ್ದೆವು. ಎಣ್ಣೆ ಸ್ನಾನ, ಹೋಳಿಗೆ, ಆಮೇಲೆ ಕಾಲಿನ ಅಳತೆ. ಅಡುಗೆಮನೆಯ ಬಾಗಿಲ ಪಟ್ಟಿಯ ಮೇಲೆ ಮಗನ ಎತ್ತರದ ಗೆರೆಗಳಿವೆ, ಅದರ ಪಕ್ಕದಲ್ಲೇ ಪಾದದ ಸೆಂಟಿಮೀಟರ್. ಹದಿನಾರಕ್ಕೆ 26.2ಕ್ಕೆ ನಿಂತಿತು. ಹೆಣ್ಣುಮಕ್ಕಳದು ಅದಕ್ಕಿಂತ ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ.

ಹೊರಗೆ ಟೇಬಲ್ ಮೇಲೆ ಹಳೆಯ ಮದುವೆ ಕಾರ್ಡು, ಕತ್ತರಿ, ಸ್ಕೇಲು ಇಟ್ಟಿದ್ದೇನೆ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಎರಡೂ ಕಾಲು ಅಳೆದು, ಪಟ್ಟಿ ಕತ್ತರಿಸಿಕೊಂಡು ಹೋಗಿ. ಹಿಂದೆ ಹೆಸರು, ತಾರೀಖು ಬರೆಯಿರಿ, ಇಲ್ಲದಿದ್ದರೆ ಮನೆಯಲ್ಲಿ ಅಣ್ಣನದು ಯಾವುದು ತಂಗಿಯದು ಯಾವುದು ಅಂತ ಜಗಳ ಆಗುತ್ತದೆ. ಬೂಟು ನನ್ನ ಹತ್ತಿರವೇ ತಗೊಳ್ಳಬೇಕು ಅಂತೇನಿಲ್ಲ. ಬಾ ತಂಗಿ, ನಿನ್ನ ಪಟ್ಟಿ ಇಲ್ಲೇ ಬಿಟ್ಟಿದ್ದೀ ನೋಡು.